ಅಯಸ್ಕಾಂತವಿರುವ ಡ್ರೈನ್ ಬೋಲ್ಟ್: ಬೈಕಿನ ಎಂಜಿನ್ ಸವೆತವನ್ನು ಕಣ್ಣಾರೆ ನೋಡಲು ಎಷ್ಟು ಉಪಯುಕ್ತ?

ಬೈಕಿನ ಎಂಜಿನ್ ಆಯಿಲ್ ಬದಲಾಯಿಸುವಾಗ ಕೆಳಗಿನಿಂದ ಬಿಚ್ಚುವ ಡ್ರೈನ್ ಬೋಲ್ಟಿನ ತುದಿಯಲ್ಲಿ ಸಣ್ಣ ಅಯಸ್ಕಾಂತವೊಂದನ್ನು ಕೂರಿಸಿ ಮಾಡಿದ ಬೋಲ್ಟುಗಳು ಈಗ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಸಿಗುತ್ತವೆ. ಇದನ್ನು ಹಾಕಿಸಿಕೊಂಡರೆ ಎಂಜಿನ್ನಿನ ಆಯುಸ್ಸು ಹೆಚ್ಚುತ್ತದೆ ಎಂಬುದು ಮಾರುವವರ ಮಾತು. ಬೆಲೆಯಲ್ಲೂ ತಯಾರಿಕೆಯಲ್ಲೂ ಒಂದಕ್ಕೊಂದು ಹೋಲದ ಎರಡು ಬೋಲ್ಟುಗಳನ್ನು ಒಂದೇ ಬೈಕಿಗೆ ಸರದಿಯಂತೆ ಹಾಕಿ ನೋಡಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ. ಆದರೂ ಈ ಬೋಲ್ಟನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಏಕೆಂದರೆ ಎಂಜಿನ್ ಬಿಚ್ಚದೆಯೇ ಅದರೊಳಗಿನ ಉಕ್ಕು ಹೇಗೆ ಸವೆಯುತ್ತಿದೆ ಎಂಬುದನ್ನು ಕಣ್ಣಿಂದ ಕಂಡುಕೊಳ್ಳಲು ಇಷ್ಟು ಕಡಿಮೆ ಖರ್ಚಿನ ಇನ್ನೊಂದು ಸಾಧನ ನನ್ನ ಕೈಗೆ ಸಿಕ್ಕಿಲ್ಲ. ಯಾವುದನ್ನು ಕೊಳ್ಳಬೇಕು, ತುದಿಗೆ ಅಂಟಿದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬೆರಡು ವಿಷಯಗಳಲ್ಲಿ ಎಡವಿದರೆ ಮಾತ್ರ ಕೊಟ್ಟ ಹಣ ದಂಡ.

ಮೊದಲನೆಯದನ್ನು ಆನ್‌ಲೈನಿನಲ್ಲಿ ಸುಮಾರು 250 ರೂಪಾಯಿಗೆ ತರಿಸಿದೆ. ಪೊಟ್ಟಣದ ಮೇಲೆ ತಯಾರಕರ ಹೆಸರಿರಲಿಲ್ಲ, ಯಾವ ಬಗೆಯ ಅಯಸ್ಕಾಂತವೆಂಬ ವಿವರವೂ ಇರಲಿಲ್ಲ. ಬೋಲ್ಟಿಗೆ ನೀಲಿ ಬಣ್ಣದ ಹೊಳಪು ಕೊಟ್ಟಿದ್ದರು. ತುದಿಯ ಗುಳಿಯೊಳಗೆ ಅಯಸ್ಕಾಂತವನ್ನು ಅಂಟಿನಿಂದ ಕೂರಿಸಿದ್ದು ಬರಿಗಣ್ಣಿಗೇ ಕಾಣುತ್ತಿತ್ತು, ಒಂದು ಕಡೆ ಅಂಟು ಹೊರಗೆ ಉಕ್ಕಿ ಗಟ್ಟಿಯಾಗಿತ್ತು. ಎರಡನೆಯದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ 850 ರೂಪಾಯಿ ಕೊಟ್ಟು ತಂದೆ. ಅದು ಬಣ್ಣವಿಲ್ಲದ ಉಕ್ಕಿನ ಬೋಲ್ಟು. ಅಯಸ್ಕಾಂತವನ್ನು ಒತ್ತಿ ಕೂರಿಸಿ, ಸುತ್ತಲಿನ ಅಂಚನ್ನು ಒಳಕ್ಕೆ ಮಡಚಿ ಹಿಡಿತ ಕೊಟ್ಟಿದ್ದರು. ಎಷ್ಟು ಉಷ್ಣತೆ ತಡೆಯುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದಿದ್ದರು. ಎರಡೂ 12 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಅಂತರವಿರುವ ಥ್ರೆಡ್ಡಿನವು. ಹಾಕಿದ್ದು ನನ್ನ ಹಳೆಯ ಸ್ಪ್ಲೆಂಡರಿಗೆ.

ಬೈಕಿನಲ್ಲಿ ಈ ಬೋಲ್ಟು ಕಾರಿಗಿಂತ ಹೆಚ್ಚು ಮಾತನಾಡುತ್ತದೆ, ಅದಕ್ಕೆ ಕಾರಣವಿದೆ. ಕಾರಿನಲ್ಲಿ ಎಂಜಿನ್ನಿಗೆ ಒಂದು ಆಯಿಲ್, ಗೇರ್‌ಬಾಕ್ಸಿಗೆ ಬೇರೊಂದು ಆಯಿಲ್. ನಮ್ಮ ರಸ್ತೆಗಳ ಮೇಲೆ ಓಡುವ ಬಹುಪಾಲು ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಪಿಸ್ಟನ್ನು, ಕ್ರ್ಯಾಂಕು, ಕ್ಯಾಮ್ ಶಾಫ್ಟು, ಕ್ಲಚ್ ಪ್ಲೇಟು, ಗೇರುಗಳು ಎಲ್ಲವೂ ಸುಮಾರು ಒಂದೇ ಲೀಟರ್ ಆಯಿಲಿನಲ್ಲಿ ಮುಳುಗೇಳುತ್ತವೆ. ಗೇರಿನ ಹಲ್ಲುಗಳು ಪರಸ್ಪರ ಒತ್ತಿ ತಿರುಗುವಾಗ ಆಯಿಲಿನ ಗಾಢತೆಯನ್ನು ಕಾಪಾಡಲೆಂದು ಬೆರೆಸಿರುವ ಉದ್ದನೆಯ ಅಣುಗಳು ತುಂಡಾಗುತ್ತವೆ. ಗೇರ್ ಬದಲಿಸುವಾಗ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಡಾಗುಗಳ ಅಂಚು ಪ್ರತಿ ಸಲವೂ ಒಂದಿಷ್ಟು ತಾಗಿ ಸವೆಯುತ್ತದೆ. ಒದ್ದೆ ಕ್ಲಚ್ ಜಾರಬಾರದು, ಗೇರು ಸವೆಯಬಾರದು ಎಂಬ ಎರಡೂ ಕಟ್ಟುಪಾಡುಗಳಿರುವುದರಿಂದಲೇ ಜಪಾನಿನವರು 1998ರಲ್ಲಿ ಬೈಕಿನ ಆಯಿಲಿಗೆಂದು ಜಾಸೋ ಟಿ 903 ಎಂಬ ಪ್ರತ್ಯೇಕ ಮಾನದಂಡವನ್ನು ತಂದರು. ಆಯಿಲ್ ಡಬ್ಬದ ಹಿಂಬದಿಯಲ್ಲಿ ಎಂಎ, ಎಂಎ2, ಎಂಬಿ ಎಂದು ಕಾಣುವ ಗುರುತು ಅಲ್ಲಿಂದ ಬಂದದ್ದು. ಹೀಗೆ ಎಂಜಿನ್ನಿನ ಯಾವ ಮೂಲೆಯಲ್ಲಿ ಉಕ್ಕು ಸವೆದರೂ ಅದರ ಪುಡಿ ಕೊನೆಗೆ ತಳದ ಅದೇ ಆಯಿಲಿಗೆ ಬರುತ್ತದೆ, ಬೋಲ್ಟಿನ ತುದಿ ಇರುವುದೂ ಅಲ್ಲೇ.

ಸ್ಪ್ಲೆಂಡರಿನಂಥ ಎಂಜಿನ್ನಿಗೆ ಇದು ಇನ್ನಷ್ಟು ಹೊಂದುತ್ತದೆ. ಆ ಎಂಜಿನ್ನಿನಲ್ಲಿ ಬಿಚ್ಚಿ ಎಸೆಯುವ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ತಳದಲ್ಲೊಂದು ತಂತಿ ಜಾಲರಿ, ಬಲಗಡೆಯ ಕವರಿನೊಳಗೆ ಕ್ರ್ಯಾಂಕಿನೊಡನೆ ತಿರುಗುತ್ತಾ ಭಾರದ ಕಣಗಳನ್ನು ಹೊರಗೋಡೆಗೆ ಎಸೆದು ಹಿಡಿದಿಡುವ ಒಂದು ಬಟ್ಟಲು, ಇಷ್ಟೇ. ಜಾಲರಿಯ ಕಣ್ಣುಗಳು ದೊಡ್ಡವು, ಅದು ಹಿಡಿಯುವುದು ಗ್ಯಾಸ್ಕೆಟ್ಟಿನ ತುಣುಕು, ಮುರಿದ ಚೂರು ಮುಂತಾದವನ್ನು ಮಾತ್ರ. ತಿರುಗುವ ಬಟ್ಟಲು ಬುದ್ಧಿವಂತಿಕೆಯ ಏರ್ಪಾಡು, ಆದರೆ ಅದರಲ್ಲಿ ಏನು ಕೂಡಿದೆ ಎಂದು ನೋಡಬೇಕಾದರೆ ಕ್ಲಚ್ ಕವರನ್ನೇ ತೆಗೆಯಬೇಕು, ಮಾಮೂಲಿ ಸರ್ವಿಸಿನಲ್ಲಿ ಆ ಕೆಲಸವನ್ನು ಮಾಡುವವರು ವಿರಳ. ಕಾಗದದ ಫಿಲ್ಟರ್ ಇರುವ ಬೈಕಿನಲ್ಲಿ ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಬಹುದು. ಇಲ್ಲಿ ಆ ಅವಕಾಶವೂ ಇಲ್ಲದಿರುವುದರಿಂದ ಪ್ರತಿ ಸಲ ಆಯಿಲ್ ಇಳಿಸುವಾಗ ತಾನಾಗಿಯೇ ಕೈಗೆ ಬರುವ ಬೋಲ್ಟೊಂದೇ ಕಿಟಕಿ.

ಯಾವುದನ್ನು ನೋಡುತ್ತಿದ್ದೇವೆ ಎಂಬುದು ತಿಳಿಯಬೇಕಾದರೆ ಸವೆತದ ಬಗ್ಗೆ ಸ್ವಲ್ಪ ಹೇಳಬೇಕು. 50 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 49.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಇರುವ ಈ 97.2 ಸಿಸಿ ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13 ಮೀಟರಿಗೂ ಹೆಚ್ಚು, ಮತ್ತು ಆ ಪಿಸ್ಟನ್ ನಿಮಿಷಕ್ಕೆ 16,000 ಸಲ ನಿಂತು ದಿಕ್ಕು ಬದಲಿಸುತ್ತದೆ. ನಡುದಾರಿಯಲ್ಲಿ ವೇಗವಿರುವುದರಿಂದ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಆಯಿಲಿನ ಪದರ ಉಳಿಯುತ್ತದೆ. ಮೇಲ್ತುದಿಯಲ್ಲಿ ಪಿಸ್ಟನ್ ಒಂದು ಕ್ಷಣ ನಿಲ್ಲುವಾಗ, ಅದೂ ಉರಿಯುವ ಅನಿಲದ ಒತ್ತಡ ಅತಿ ಹೆಚ್ಚಿರುವ ಹೊತ್ತಿನಲ್ಲಿ, ಆ ಪದರ ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾಗಿ ಲೋಹಕ್ಕೆ ಲೋಹ ತಾಗುತ್ತದೆ. ಬೋರ್ ಮಾಡಲು ಬಿಚ್ಚಿದ ಹಳೆಯ ಸಿಲಿಂಡರಿನ ಒಳಗೋಡೆಯ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಒಂದು ಮೆಟ್ಟಿಲು ತಗಲುತ್ತದಲ್ಲ, ಅದು ಹುಟ್ಟುವುದು ಅಲ್ಲಿಯೇ. ಆಯಿಲಿಗೆ ಬೆರೆಸಿರುವ ಸತು ಮತ್ತು ರಂಜಕದ ಸಂಯುಕ್ತವು ಬಿಸಿಗೆ ಒಡೆದು ಲೋಹದ ಮೇಲೆ ಗಾಜಿನ ಗುಣದ ತೆಳು ಪದರವನ್ನು ಕಟ್ಟಿ ಈ ತಾಗುವಿಕೆಯ ಪೆಟ್ಟನ್ನು ತಾನು ತಿನ್ನುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಆಕ್ಸಿಲರೇಟರ್ ತಿರುವಬಾರದು ಎಂದು ಹಿರಿಯರು ಹೇಳುವ ಮಾತಿಗೂ ಆಯಿಲ್ ಪದರದ ಈ ಲೆಕ್ಕಾಚಾರವೇ ಆಧಾರ.

ಇದರ ಮೇಲೆ ಧೂಳಿನ ಕಾಟ. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಬೀಡು ಕಬ್ಬಿಣಕ್ಕಿಂತ ಗಟ್ಟಿ. ಹರಿದ ಏರ್ ಫಿಲ್ಟರಿನ ಮೂಲಕವೋ, ಸರಿಯಾಗಿ ಕೂರದ ರಬ್ಬರಿನ ಸಂದಿಯಿಂದಲೋ ಅದು ಒಳಗೆ ಬಂದರೆ ರಿಂಗಿಗೂ ಗೋಡೆಗೂ ನಡುವೆ ಉರುಳುತ್ತಾ ಎರಡನ್ನೂ ಗೀರುತ್ತದೆ. ಗೇರು ಮತ್ತು ಬೇರಿಂಗುಗಳ ಸವೆತ ಇನ್ನೊಂದು ಬಗೆಯದು. ಅಲ್ಲಿ ಉಜ್ಜಾಟಕ್ಕಿಂತ ಹೆಚ್ಚಾಗಿ ಒಂದೇ ಜಾಗದ ಮೇಲೆ ಕೋಟ್ಯಂತರ ಸಲ ಬೀಳುವ ಒತ್ತಡದಿಂದ ಲೋಹ ದಣಿದು, ಮೇಲ್ಮೈಯ ಕೆಳಗೆ ಸೂಕ್ಷ್ಮ ಬಿರುಕು ಹುಟ್ಟಿ, ಕೊನೆಗೆ ಅಲ್ಲಿಂದ ಒಂದು ಚಕ್ಕೆ ಕಿತ್ತು ಬರುತ್ತದೆ. ಉಜ್ಜಾಟ ಕೊಡುವುದು ಪುಡಿಯನ್ನು, ದಣಿವು ಕೊಡುವುದು ಚಕ್ಕೆಯನ್ನು. ಬೋಲ್ಟನ್ನು ಓದುವ ವಿದ್ಯೆ ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಗುರುತಿಸುವುದರಲ್ಲೇ ಇದೆ.

ದುಬಾರಿ ಬೋಲ್ಟನ್ನು ಹಾಕಿ ಒಂದು ಸುತ್ತು ಆಯಿಲ್ ಓಡಿಸಿದ ಮೇಲೆ ಬಿಚ್ಚಿದಾಗ ತುದಿಯ ಮೇಲೆ ಕಂಡದ್ದು ಕಪ್ಪು ಮಿಶ್ರಿತ ಬೂದು ಬಣ್ಣದ ಒಂದು ದಪ್ಪ ಲೇಪ. ನಡುವೆ ತೆಳು, ಅಯಸ್ಕಾಂತದ ಅಂಚಿನುದ್ದಕ್ಕೂ ಉಬ್ಬಿ ನಿಂತ ಉಂಗುರ. ಅಯಸ್ಕಾಂತದ ಸೆಳೆತ ಅಂಚಿನಲ್ಲೇ ಹೆಚ್ಚಿರುವುದರಿಂದ ಅದು ಸಹಜ. ಎರಡು ಬೆರಳಿನ ನಡುವೆ ಉಜ್ಜಿದರೆ ಕಾಡಿಗೆಯಷ್ಟು ನುಣುಪು, ಎಲ್ಲಿಯೂ ತರಿಯಿಲ್ಲ. ಅದರಲ್ಲಿ ಸ್ವಲ್ಪವನ್ನು ಪ್ಲಾಸ್ಟಿಕ್ ಮುಚ್ಚಳವೊಂದರಲ್ಲಿ ಸೀಮೆಎಣ್ಣೆಗೆ ಕದಡಿ, ಮುಚ್ಚಳದ ಅಡಿಯಲ್ಲಿ ಇನ್ನೊಂದು ಅಯಸ್ಕಾಂತವನ್ನು ಹಿಡಿದು ಸರಿಸಿದಾಗ ಆಯಿಲಿನ ಮಸಿ ತೊಳೆದುಹೋಗಿ, ಉಕ್ಕಿನ ಪುಡಿ ಮಾತ್ರ ಸಾಲುಗಟ್ಟಿ ಅಯಸ್ಕಾಂತದ ಹಿಂದೆ ಹಿಂದೆಯೇ ಹರಿದಾಡಿತು. ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೂ ಅದರಲ್ಲಿ ಮಿನುಗುವ ಒಂದು ಕಣವೂ ಇರಲಿಲ್ಲ. ಇದು ಆರೋಗ್ಯವಂತ ಹಳೆಯ ಎಂಜಿನ್ನಿನ ಲಕ್ಷಣ. ಈ ಬೂದು ಲೇಪವನ್ನು ಕಂಡು ಗಾಬರಿಯಾಗಿ ಎಂಜಿನ್ ಬಿಚ್ಚಿಸಲು ಹೊರಡುವವರಿದ್ದಾರೆ, ಹಾಗೆ ಮಾಡಬೇಕಾಗಿಲ್ಲ.

ಹೊಸ ಬೈಕಿನ ಮೊದಲ ಸರ್ವಿಸಿನಲ್ಲಿ, ಎಂದರೆ ಸುಮಾರು 500ರಿಂದ 750 ಕಿ.ಮೀ. ಓಡಿದ ಹೊತ್ತಿಗೆ, ಲೇಪ ಇದಕ್ಕಿಂತ ದಪ್ಪವಿರುತ್ತದೆ ಮತ್ತು ಅದರಲ್ಲಿ ಒಂದಷ್ಟು ಮಿನುಗೂ ಇರುತ್ತದೆ. ಸಿಲಿಂಡರಿನ ಗೋಡೆಗೆ ಕಾರ್ಖಾನೆಯಲ್ಲಿ ಕೊಟ್ಟ ಅಡ್ಡಗೀರುಗಳ ಚೂಪು ತುದಿಗಳನ್ನು ರಿಂಗುಗಳು ಸವರಿ ಹಾಕುವುದು, ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವುದು ನಡೆಯುವುದು ಆ ಅವಧಿಯಲ್ಲಿಯೇ. ಮೊದಲ ಆಯಿಲನ್ನು ತಡಮಾಡದೆ ಬದಲಾಯಿಸಬೇಕು ಎನ್ನುವುದೂ ಇದಕ್ಕೇ. ಎರಡನೆಯ, ಮೂರನೆಯ ಸರ್ವಿಸಿನ ಹೊತ್ತಿಗೆ ಮಿನುಗು ಕರಗಿ ಬೂದು ಲೇಪ ಮಾತ್ರ ಉಳಿಯಬೇಕು. ಉಳಿಯದಿದ್ದರೆ ಕಾರಣ ಹುಡುಕಬೇಕು.

ಆತಂಕಪಡಬೇಕಾದವು ಬೇರೆ. ಸೂಜಿಯಂಥ ತೆಳು ಎಳೆಗಳು ಕಂಡರೆ ಎಲ್ಲೋ ಒಂದು ಗಟ್ಟಿ ಅಂಚು ಇನ್ನೊಂದು ಭಾಗವನ್ನು ಹೆರೆಯುತ್ತಿದೆ ಎಂದರ್ಥ. ಚಪ್ಪಟೆಯಾಗಿ, ಒಂದು ಮುಖ ಕನ್ನಡಿಯಂತೆ ಹೊಳೆದು ಇನ್ನೊಂದು ಮುಖ ಒರಟಾಗಿರುವ ಚಕ್ಕೆಗಳು ಬೇರಿಂಗಿನ ರೇಸಿನಿಂದಲೋ (ಗುಂಡುಗಳು ಉರುಳುವ ಉಂಗುರ) ಗೇರಿನ ಹಲ್ಲಿನ ಮೈಯಿಂದಲೋ ಕಿತ್ತು ಬಂದವು. ಹೊಳೆಯುವ ಮುಖ ಹಿಂದೆ ಉರುಳುತ್ತಿದ್ದ ಮೇಲ್ಮೈ, ಒರಟು ಮುಖ ಬಿರುಕು ಬಿಟ್ಟ ಜಾಗ. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ, ಮೂಲೆಗಳಿರುವ ತುಂಡು ಸಿಕ್ಕಿತೆಂದರೆ ಗೇರಿನ ಹಲ್ಲೋ ಡಾಗೋ ಮುರಿದಿದೆ, ಮುಂದಿನ ಮಾತಿಲ್ಲದೆ ಎಂಜಿನ್ ಬಿಚ್ಚಬೇಕು.

ನಮ್ಮ ಬೀದಿಗೆ ಹಾಲು ಹಾಕುವವರ ಬೈಕೂ ಇದೇ ಮಾದರಿಯದು. ದಿನವೂ ಎರಡು ಬದಿಗೆ ಕ್ಯಾನು ತೂಗುಹಾಕಿಕೊಂಡು ಓಡುವ ಗಾಡಿ. ಅಗ್ಗದ ಬೋಲ್ಟನ್ನು ನನ್ನ ಬೈಕಿನಿಂದ ತೆಗೆದ ಮೇಲೆ, ಅವರು ಕುತೂಹಲದಿಂದ ಕೇಳಿದ್ದಕ್ಕೆ, ಅವರ ಗಾಡಿಗೆ ಹಾಕಿಕೊಟ್ಟಿದ್ದೆ. ಮುಂದಿನ ಸಲ ಆಯಿಲ್ ಇಳಿಸಿದಾಗ ಬೂದು ಲೇಪದೊಳಗೆ ಹುದುಗಿಕೊಂಡು ಮೇಲೆ ಹೇಳಿದಂಥ ಚಕ್ಕೆಗಳು ನಾಲ್ಕಾರು ಸಿಕ್ಕವು, ಒಂದೊಂದೂ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನಷ್ಟು ಅಗಲ. ಗಾಡಿ ಓಡಿಸುವಾಗ ಮೂರನೆಯ ಗೇರಿನಲ್ಲಿ ಸಣ್ಣದೊಂದು ಗುಂಯ್‌ಗುಡುವ ಸದ್ದಿತ್ತು, ಹಳೆಯ ಗಾಡಿಯಲ್ಲವೇ ಎಂದು ಅವರು ಸುಮ್ಮನಿದ್ದರು. ಮೆಕ್ಯಾನಿಕ್ ಚಕ್ಕೆಗಳನ್ನು ಅಂಗೈಮೇಲೆ ಹಾಕಿಕೊಂಡು ಬಿಸಿಲಿಗೆ ತಿರುಗಿಸಿ ನೋಡಿ, “ಗೇರ್‌ಬಾಕ್ಸ್ ಬೇರಿಂಗ್ ಹೊರಟೈತೆ ಸಾರ್. ಈಗ ಬಿಚ್ಚಿದ್ರೆ ಬೇರಿಂಗ್ ದುಡ್ಡು, ಬಿಟ್ರೆ ಕ್ರ್ಯಾಂಕ್‌ಕೇಸ್ ದುಡ್ಡು” ಎಂದರು. ಬಿಚ್ಚಿದಾಗ ಬೇರಿಂಗಿನ ಒಳರೇಸಿನಲ್ಲಿ ಗುಂಡುಗಳು ಓಡುವ ಹಾದಿಯುದ್ದಕ್ಕೂ ಗುಳಿಗಳು ಬಿದ್ದಿದ್ದವು. ಸದ್ದೊಂದನ್ನೇ ನಂಬಿ ಎಂಜಿನ್ ಬಿಚ್ಚಿಸಲು ಅವರು ಒಪ್ಪುತ್ತಿರಲಿಲ್ಲ. ಚಕ್ಕೆ ಕಣ್ಣೆದುರಿಗಿದ್ದುದರಿಂದ ಒಪ್ಪಿದರು. ಈ ಸಾಧನದ ನಿಜವಾದ ಬೆಲೆ ನನಗೆ ಮನವರಿಕೆಯಾದದ್ದು ಆಗ.

ಇನ್ನು ಇದು ತೋರಿಸದ ಸಂಗತಿಗಳು. ಅಯಸ್ಕಾಂತ ಹಿಡಿಯುವುದು ಕಬ್ಬಿಣ ಮತ್ತು ಉಕ್ಕನ್ನು ಮಾತ್ರ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಸವೆದರೂ ಸೀಜ್ ಆಗಿ ಗೀರಿದರೂ ಬೋಲ್ಟಿಗೆ ಸುಳಿವಿಲ್ಲ. ಸಿಲಿಂಡರ್ ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟು ನೇರವಾಗಿ ಅಲ್ಯೂಮಿನಿಯಮ್ಮಿನ ಮೇಲೆ ತಿರುಗುವ ಎಂಜಿನ್ನುಗಳಲ್ಲಿ ಆ ಜಾಗದ ಸವೆತವೂ ಕಾಣುವುದಿಲ್ಲ. ಕಂಚು, ಹಿತ್ತಾಳೆ, ತಾಮ್ರದ ಬುಷ್ಷುಗಳು, ರಿಂಗಿನ ಮೇಲಿನ ಕ್ರೋಮ್ ಲೇಪನ, ಕ್ಲಚ್ ಪ್ಲೇಟಿನ ನಾರು, ಹೊರಗಿನಿಂದ ಬಂದ ಮಣ್ಣು, ಇವೆಲ್ಲ ಹೊರಗೇ ಉಳಿಯುತ್ತವೆ. ಆದ್ದರಿಂದ ಬೋಲ್ಟಿನ ತುದಿ ಶುಭ್ರವಾಗಿದೆ ಎಂದ ಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಎಂದು ತಿಳಿಯುವಂತಿಲ್ಲ. ಇಳಿಸಿದ ಆಯಿಲನ್ನು ಬಿಳಿಯ ತಟ್ಟೆಯಲ್ಲಿ ತೆಳುವಾಗಿ ಹರಡಿ ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು. ತಟ್ಟೆಯಲ್ಲಿ ಬೆಳ್ಳಗೆ ಮಿನುಗುವ ಕಣಗಳು ತೇಲುತ್ತಿದ್ದು ಅವು ಅಯಸ್ಕಾಂತಕ್ಕೆ ಸ್ಪಂದಿಸದಿದ್ದರೆ ಅಲ್ಯೂಮಿನಿಯಮ್ಮಿನ ಗುಮಾನಿ, ಹೊಂಬಣ್ಣದ ಮಿನುಗಾದರೆ ಬುಷ್ಷಿನ ಗುಮಾನಿ.

ಬಳಸಿದ ಆಯಿಲನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸುವ ದಾರಿಯೂ ಇದೆ. ಲಾರಿ, ಜನರೇಟರ್, ಭಾರಿ ಯಂತ್ರಗಳನ್ನು ನಡೆಸುವ ಕಂಪನಿಗಳು ಅದನ್ನು ವಾಡಿಕೆಯಾಗಿ ಮಾಡಿಸುತ್ತವೆ. ಆಯಿಲನ್ನು ಅತ್ಯುಷ್ಣ ಪ್ಲಾಸ್ಮಾದೊಳಗೆ ಸಿಂಪಡಿಸಿ, ಒಂದೊಂದು ಲೋಹವೂ ಹೊಮ್ಮಿಸುವ ಬೆಳಕನ್ನು ಅಳೆದು, ಕಬ್ಬಿಣ ಇಷ್ಟು, ಅಲ್ಯೂಮಿನಿಯಮ್ ಇಷ್ಟು, ತಾಮ್ರ ಇಷ್ಟು, ಸಿಲಿಕಾನ್ ಇಷ್ಟು ಎಂದು ಹತ್ತು ಲಕ್ಷದಲ್ಲಿ ಎಷ್ಟು ಭಾಗವೆಂಬ ಲೆಕ್ಕ ಕೊಡುತ್ತಾರೆ. ಸಿಲಿಕಾನ್ ಏರಿದ್ದರೆ ಧೂಳು ನುಗ್ಗುತ್ತಿದೆ ಎಂಬುದು ಕೂಡ ಅದರಿಂದ ತಿಳಿಯುತ್ತದೆ, ಬೋಲ್ಟಿಗೆ ಆ ಶಕ್ತಿಯಿಲ್ಲ. ಆದರೆ ಆ ವಿಧಾನಕ್ಕೂ ಒಂದು ಕುರುಡಿದೆ: ಸುಮಾರು 5ರಿಂದ 8 ಮೈಕ್ರಾನಿಗಿಂತ ದೊಡ್ಡ ಕಣಗಳು ಪ್ಲಾಸ್ಮಾದಲ್ಲಿ ಪೂರ್ತಿ ಆವಿಯಾಗದೆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಬೇರಿಂಗ್ ಚಕ್ಕೆ ಬಿಡುತ್ತಿರುವಾಗಲೂ ವರದಿಯಲ್ಲಿ ಕಬ್ಬಿಣದ ಅಂಕಿ ಸೌಮ್ಯವಾಗಿಯೇ ಇರಬಹುದು. ಬೋಲ್ಟು ಚೆನ್ನಾಗಿ ಹಿಡಿಯುವುದು ಆ ದೊಡ್ಡ ಕಣಗಳನ್ನೇ. ಹೆಲಿಕಾಪ್ಟರಿನ ಗೇರ್‌ಬಾಕ್ಸುಗಳಲ್ಲಿಯೂ ವಿಮಾನದ ಎಂಜಿನ್ನುಗಳಲ್ಲಿಯೂ ಇದೇ ತತ್ವದ ಪ್ಲಗ್ಗನ್ನು ಕೂರಿಸಿರುತ್ತಾರೆ. ಅಯಸ್ಕಾಂತದ ಎರಡು ತುದಿಗಳ ನಡುವಿನ ಸಂದಿಗೆ ಉಕ್ಕಿನ ಚೂರು ಅಡ್ಡಬಿದ್ದರೆ ವಿದ್ಯುತ್ ಹರಿದು ಪೈಲಟ್ಟಿನ ಮುಂದೆ ದೀಪ ಹೊತ್ತುತ್ತದೆ. ಒಂದು ಲೀಟರ್ ಆಯಿಲಿನ ಬೈಕಿಗೆ ಪ್ರತಿ ಸಲವೂ ಪ್ರಯೋಗಾಲಯದ ಶುಲ್ಕ ಕಟ್ಟುವುದು ನನಗಂತೂ ದುಂದೆನಿಸುತ್ತದೆ. ಬೋಲ್ಟಿನಲ್ಲಿ ಅನುಮಾನ ಬಂದಾಗ ಒಮ್ಮೆ ಕಳುಹಿಸುವುದು ಸರಿ.

ಎರಡು ಬೋಲ್ಟುಗಳ ನಡುವಿನ ನಿಜವಾದ ಅಂತರ ಇರುವುದು ಉಷ್ಣತೆಯ ವಿಷಯದಲ್ಲಿ. ಪುಟ್ಟ ಗಾತ್ರದಲ್ಲಿ ಹೆಚ್ಚು ಸೆಳೆತ ಕೊಡುವುದು ನಿಯೋಡಿಮಿಯಮ್ ಅಯಸ್ಕಾಂತ, ಹಾಗಾಗಿ ಹೆಚ್ಚಿನವರು ಅದನ್ನೇ ಹಾಕುತ್ತಾರೆ. ಅದರ ಸಾಮಾನ್ಯ ದರ್ಜೆ ತಡೆಯುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದರಾಚೆ ಬಿಸಿಯಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಅದು ಮರಳುವುದಿಲ್ಲ. ದರ್ಜೆಯ ಹೆಸರಿನ ಕೊನೆಯಲ್ಲಿ ಎಚ್ ಎಂದಿದ್ದರೆ ಸುಮಾರು 120, ಎಸ್‌ಎಚ್ ಎಂದಿದ್ದರೆ ಸುಮಾರು 150, ಯುಎಚ್ ಎಂದಿದ್ದರೆ ಸುಮಾರು 180 ಡಿಗ್ರಿ. ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ, ಬೇಸಿಗೆಯ ಮಧ್ಯಾಹ್ನ, ಟ್ರಾಫಿಕ್ಕಿನಲ್ಲಿ ಆಯಿಲಿನ ಉಷ್ಣತೆ ನೂರನ್ನು ದಾಟುವುದು ಕಷ್ಟವೇನಲ್ಲ. ಸಮೇರಿಯಮ್ ಕೋಬಾಲ್ಟ್ ಅಯಸ್ಕಾಂತಕ್ಕೂ ಹಳೆಯ ಕಾಲದ ಆಲ್ನಿಕೋಗೂ ಈ ಬಿಸಿ ಲೆಕ್ಕಕ್ಕಿಲ್ಲ, ಆದರೆ ಮೊದಲನೆಯದು ದುಬಾರಿ, ಎರಡನೆಯದರ ಸೆಳೆತ ಕಡಿಮೆ.

ಇದನ್ನು ಪರೀಕ್ಷಿಸಲು ನಾನು ಮಾಡಿದ್ದು ಸರಳವಾದ ಕೆಲಸ. ಹಳೆಯ ಡಬ್ಬವೊಂದರಲ್ಲಿ ಆಯಿಲ್ ಹಾಕಿ, ಬಯಲಿನಲ್ಲಿ ವಿದ್ಯುತ್ ಒಲೆಯ ಮೇಲಿಟ್ಟು, ತಾಪಮಾಪಕವನ್ನು ನೋಡುತ್ತಾ 130 ಡಿಗ್ರಿಗೆ ಏರಿಸಿ, ಎರಡೂ ಬೋಲ್ಟುಗಳನ್ನು ಒಂದು ಗಂಟೆ ಅದರಲ್ಲಿ ಬಿಟ್ಟೆ. ಬಿಡುವ ಮುನ್ನ ಎರಡರ ತುದಿಗೂ ಸೈಕಲ್ ಹಬ್ಬಿನ ಉಕ್ಕಿನ ಗುಂಡುಗಳನ್ನು ಒಂದರ ಕೆಳಗೊಂದು ಜೋಲಿಸಿ ನೋಡಿದ್ದೆ; ಅಗ್ಗದ್ದೇ ಒಂದು ಗುಂಡು ಹೆಚ್ಚು ಹಿಡಿದಿತ್ತು. ತಣ್ಣಗಾದ ಮೇಲೆ ದುಬಾರಿ ಬೋಲ್ಟು ಮೊದಲಿನಷ್ಟೇ ಗುಂಡುಗಳನ್ನು ಹಿಡಿಯಿತು, ಅಗ್ಗದ್ದು ಅರ್ಧದಷ್ಟನ್ನೂ ಹಿಡಿಯಲಿಲ್ಲ. ಅಂಗಡಿಯಲ್ಲಿ ಸ್ಪ್ಯಾನರ್ ಅಂಟಿಸಿ ತೋರಿಸುವ ಸೆಳೆತವನ್ನು ನೋಡಿ ಮರುಳಾಗಬಾರದು ಎನ್ನುವುದಕ್ಕೆ ಇಷ್ಟು ಸಾಕು. ಹಾಲಿನವರ ಗಾಡಿಯಲ್ಲಿ ಚಕ್ಕೆ ಹಿಡಿದದ್ದು ಇದೇ ದುರ್ಬಲ ಬೋಲ್ಟು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ದೊಡ್ಡ ಚಕ್ಕೆಗೆ ಉಳಿದ ಸೆಳೆತವೇ ಸಾಕಾಯಿತು. ಆದರೆ ಅಂಟಿನಿಂದ ಕೂರಿಸಿದ ಅಯಸ್ಕಾಂತ ಬಿಸಿ ಆಯಿಲಿನಲ್ಲಿ ಕಳಚಿಕೊಂಡರೆ ಗಟ್ಟಿಯಾದ, ಪಟ್ಟನೆ ಒಡೆಯುವ ಆ ತುಂಡು ಗೇರುಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ. ಆ ಕಾರಣಕ್ಕೇ ಅವರ ಗಾಡಿಯಿಂದ ಅದನ್ನು ತೆಗೆಸಿ, ಮಡಚಿದ ಅಂಚಿನ ಬೋಲ್ಟನ್ನೇ ಹಾಕಿಸಿದೆವು.

ಜೋಡಿಸುವಾಗಲೂ ಗಮನವಿರಬೇಕು. ಥ್ರೆಡ್ಡಿನ ಅಳತೆ ನಿಮ್ಮ ಬೈಕಿನದೇ ಎಂದು ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು ನೋಡಿ, 12 ಮಿ.ಮೀ. ದಪ್ಪದಲ್ಲೇ 1.25 ಮತ್ತು 1.5 ಎಂಬ ಎರಡು ಥ್ರೆಡ್ಡುಗಳಿದ್ದು, ಒಂದನ್ನು ಇನ್ನೊಂದರ ಜಾಗಕ್ಕೆ ತಿರುಗಿಸಿದರೆ ಅಲ್ಯೂಮಿನಿಯಮ್ ಕ್ರ್ಯಾಂಕ್‌ಕೇಸಿನ ಥ್ರೆಡ್ಡೇ ಹೋಗುತ್ತದೆ. ಉದ್ದವೂ ಮುಖ್ಯ. ಹೊಸ ಬೋಲ್ಟಿನ ತುದಿ ಹಳೆಯದಕ್ಕಿಂತ ಬಹಳ ಮುಂದಕ್ಕೆ ಚಾಚಿದ್ದರೆ ಒಳಗೆ ಏನಾದರೂ ತಾಗೀತು. ವಾಷರನ್ನು ಪ್ರತಿ ಸಲ ಹೊಸದು ಹಾಕುವುದು ಒಳ್ಳೆಯದು, ಅಗ್ಗದ ಬೋಲ್ಟಿನ ಜೊತೆ ಬಂದ ವಾಷರ್ ಮೊದಲ ದಿನವೇ ಜಿನುಗಿತು. ಬಿಗಿ ಎಷ್ಟಿರಬೇಕು ಎಂಬುದು ಸರ್ವಿಸ್ ಪುಸ್ತಕದಲ್ಲಿರುತ್ತದೆ, ಟಾರ್ಕ್ ರೆಂಚ್ ಬಳಸುವುದೇ ಕ್ಷೇಮ. ನನ್ನ ಬೈಕಿನ ಹಳೆಯ ಬೋಲ್ಟನ್ನು ಗ್ಯಾರೇಜೊಂದರಲ್ಲಿ 17 ನಂಬರ್ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದಿದ್ದರಿಂದ ಥ್ರೆಡ್ ಕಿತ್ತುಬಂದು, ಹೊಸ ಥ್ರೆಡ್ಡಿಗಾಗಿ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಹಾಕಿಸುವ ಖರ್ಚು ಬೋಲ್ಟಿನ ಬೆಲೆಗಿಂತ ಹೆಚ್ಚಾಯಿತು. ಕೇಳಿದಾಗ, ಆಯಿಲ್ ಸೋರಬಾರದಲ್ಲ ಎಂದು ನನಗೇ ಪಾಠ ಹೇಳಿದರು.

ಆಯುಸ್ಸು ಹೆಚ್ಚುತ್ತದೆ ಎಂಬ ಪ್ರಚಾರದ ಬಗ್ಗೆ ಇಷ್ಟು ಹೇಳಬೇಕು. ಅಯಸ್ಕಾಂತದ ಸೆಳೆತ ದೂರ ಹೋದಂತೆ ತೀರಾ ವೇಗವಾಗಿ ಇಳಿಯುತ್ತದೆ. ತುದಿಯ ಸಮೀಪಕ್ಕೆ ಬಂದು ನಿಧಾನಿಸಿದ ಕಣ ಸಿಕ್ಕಿಬೀಳುತ್ತದೆ, ಪಂಪಿನ ಸೆಳವಿಗೆ ಸಿಕ್ಕಿ ಆಚೆಯಿಂದಲೇ ಹರಿದುಹೋದ ಕಣ ಸಿಕ್ಕುವುದಿಲ್ಲ. ಸಿಕ್ಕಿಬಿದ್ದ ಪುಡಿಯಾದರೂ ಮತ್ತೆ ಬೇರಿಂಗಿಗೆ ಹೋಗಲಿಲ್ಲವಲ್ಲ ಎನ್ನುವುದು ನಿಜ, ಕಾಗದದ ಫಿಲ್ಟರ್ ಇಲ್ಲದ ಎಂಜಿನ್ನಿನಲ್ಲಿ ಅದಕ್ಕೆ ಒಂದಿಷ್ಟು ಬೆಲೆಯೂ ಇರಬಹುದು. ಆದರೆ ಆಯಿಲನ್ನು ಸಮಯಕ್ಕೆ ಬದಲಿಸುವುದು, ಏರ್ ಫಿಲ್ಟರನ್ನು ಚೊಕ್ಕಟವಾಗಿಡುವುದು ಇವೆರಡರ ಮುಂದೆ ಆ ಲಾಭವನ್ನು ಎದ್ದು ಕಾಣುವಂತೆ ತೋರಿಸುವ ಅಂಕಿಯನ್ನು ಯಾವ ಮಾರಾಟಗಾರರೂ ಪೊಟ್ಟಣದ ಮೇಲೆ ಹಾಕಿದ್ದನ್ನು ನಾನು ಕಂಡಿಲ್ಲ. ಬೋಲ್ಟು ಹಾಕಿದ್ದೇನಲ್ಲ ಎಂಬ ಧೈರ್ಯದಲ್ಲಿ ಆಯಿಲ್ ಬದಲಿಸುವುದನ್ನು ಮುಂದೂಡುವವರಿಗೆ ಇದು ಲಾಭಕ್ಕಿಂತ ನಷ್ಟವನ್ನೇ ತಂದೀತು.

ಬಳಸುವವರಿಗೆ ಒಂದು ಉಪಾಯ. ಬೋಲ್ಟಿನ ತುದಿಯ ಲೇಪವನ್ನು ಬಟ್ಟೆಯಿಂದ ಒರೆಸಿ ಎಸೆಯುವ ಮೊದಲು ಅದರ ಮೇಲೆ ಒಂದು ತುಂಡು ಸೆಲೋಟೇಪನ್ನು ಒತ್ತಿ ಎತ್ತಿ, ನೋಟ್ ಪುಸ್ತಕದ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಕಿಲೋಮೀಟರ್, ಆಯಿಲಿನ ದರ್ಜೆ, ಎಷ್ಟು ಕಿಲೋಮೀಟರಿಗೆ ಬದಲಿಸಿದ್ದು ಎಂಬುದನ್ನು ಬರೆದಿಡಿ. ಒಂದು ಸಲದ ಲೇಪವನ್ನು ನೋಡಿ ಹೇಳುವುದಕ್ಕಿಂತ, ಇಂಥ ಗುರುತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಸವೆತ ಏರುತ್ತಿದೆಯೇ ಹಾಗೆಯೇ ಇದೆಯೇ ಎಂಬುದು ಸ್ಪಷ್ಟವಾಗುತ್ತದೆ. ಬಿಚ್ಚಿದ ಬೋಲ್ಟನ್ನು ಮಣ್ಣಿನ ನೆಲದ ಮೇಲೆ ಇಡಬೇಡಿ. ನಮ್ಮ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಮರಳು ಧಾರಾಳವಾಗಿರುವುದರಿಂದ ಇಲ್ಲದ ಸವೆತ ಕಂಡೀತು.

ಎಲ್ಲ ಬೈಕುಗಳಿಗೂ ಇದು ಬೇಕಾಗಿಲ್ಲ. ಕೆಟಿಎಂ 390 ಡ್ಯೂಕಿನಂಥ ಕೆಲವು ಗಾಡಿಗಳಲ್ಲಿ ಅಯಸ್ಕಾಂತವಿರುವ ಡ್ರೈನ್ ಬೋಲ್ಟು ಕಾರ್ಖಾನೆಯಿಂದಲೇ ಬರುತ್ತದೆ, ಮತ್ತೊಂದನ್ನು ಕೊಳ್ಳುವ ಮುನ್ನ ಈಗಿರುವುದನ್ನು ಒಮ್ಮೆ ಬಿಚ್ಚಿ ನೋಡಬೇಕು. ಹಳೆಯ ಬೀಡು ಎಂಜಿನ್ನಿನ ಬುಲೆಟ್ಟಿನವರು ಇದರಿಂದ ಹೆಚ್ಚು ನಿರೀಕ್ಷಿಸಬಾರದು. ಅದರಲ್ಲಿ ಗೇರ್‌ಬಾಕ್ಸು ಪ್ರತ್ಯೇಕವಾಗಿದ್ದು ಗೇರಿನ ಪುಡಿ ಎಂಜಿನ್ ಆಯಿಲಿಗೆ ಬರುವುದೇ ಇಲ್ಲ, ಮತ್ತು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ತೇಲುವ ಬುಷ್ಷಿನ ಮೇಲಿನ ಬಿಳಿಲೋಹ ಎಂಬ ಮೃದು ಮಿಶ್ರಲೋಹಕ್ಕೆ ಅಯಸ್ಕಾಂತದ ಹಂಗಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳನ್ನು ಇಂದಿಗೂ ಜತನದಿಂದ ಓಡಿಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವು ಟೂ ಸ್ಟ್ರೋಕ್ ಗಾಡಿಗಳಾದ್ದರಿಂದ ಸಿಲಿಂಡರು, ರಿಂಗುಗಳ ಸವೆತ ಪೆಟ್ರೋಲಿನಲ್ಲಿ ಬೆರೆತ ಆಯಿಲಿನೊಡನೆ ಉರಿದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಕೆಳಗಿನ ಆಯಿಲಿನಲ್ಲಿರುವುದು ಗೇರು, ಕ್ಲಚ್ಚು, ಪ್ರೈಮರಿ ಚೈನು ಮಾತ್ರ. ಚೈನಿನ ಮತ್ತು ಗೇರಿನ ಸ್ಥಿತಿ ತಿಳಿಯಲು ಬೋಲ್ಟು ಹಾಕಿಸಿಕೊಳ್ಳಬಹುದು, ಬೋರ್ ಯಾವಾಗ ಮಾಡಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಅವರು ಎಂದಿನಂತೆ ಸಿಲಿಂಡರ್ ಇಳಿಸಿ ಬೋರ್ ಗೇಜ್ ಹಿಡಿಸಿಯೇ ನೋಡಬೇಕು.